ಎರಡು ಗಾಜುಗಳ ಆಕಾಶ

ಕಪ್ಪು ಮೋಡ ಕವಿದ ಆಕಾಶ, ಅದರ ಬಿರುಕಿನಿಂದ ಇಳಿಯುವ ಬಿಸಿಲು, ಕೆಳಗೆ ಮೌನವಾಗಿ ಬಿದ್ದಿರುವ ಬಯಲು. ಇಂತಹ ಚಿತ್ರಗಳನ್ನು ನಾವು ಕ್ಯಾಲೆಂಡರುಗಳಲ್ಲಿ, ಪತ್ರಿಕೆಗಳ ಮುಖಪುಟಗಳಲ್ಲಿ, ಈಗ ಮೊಬೈಲ್ ಪರದೆಗಳಲ್ಲಿ ದಿನನಿತ್ಯ ನೋಡುತ್ತೇವೆ. ಇದರಲ್ಲಿ ನಿಜವಾದ ಆಕಾಶವೆಷ್ಟು, ಛಾಯಾಗ್ರಾಹಕನ ಕೈಚಳಕವೆಷ್ಟು ಎಂಬ ಪ್ರಶ್ನೆ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದೆಂದು ಅನೇಕರು ಭಾವಿಸಿದ್ದಾರೆ. ಆದರೆ ಈ ಪ್ರಶ್ನೆಗೆ ಸುಮಾರು 170 ವರ್ಷಗಳ ಇತಿಹಾಸವಿದೆ. ಅದು ಫ್ರಾನ್ಸಿನ ಕಡಲತೀರದಿಂದ ಹೊರಟು ಕೈರೋ ನಗರವನ್ನು ತಲುಪುತ್ತದೆ.

ಬಿಳಿಚಿದ ಆಕಾಶ

ಆರಂಭದ ಛಾಯಾಚಿತ್ರಗಳಲ್ಲಿ ಆಕಾಶವೇ ಇರಲಿಲ್ಲ ಎಂದರೆ ಆಶ್ಚರ್ಯವಾಗಬಹುದು. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ರಾಸಾಯನಿಕ ಲೇಪಿಸಿ, ಅದು ಒಣಗುವ ಮೊದಲೇ ಚಿತ್ರ ತೆಗೆಯಬೇಕಿತ್ತು. ಈ ಫಲಕ ನೀಲಿ ಮತ್ತು ನೇರಳಾತೀತ ಬೆಳಕಿಗೆ ಬೇಗನೆ ಸ್ಪಂದಿಸುತ್ತಿತ್ತು. ಹಸಿರು ಮರ, ಕೆಂಪು ಮಣ್ಣು ಮೂಡುವುದಕ್ಕೆ ಬೇಕಾದಷ್ಟು ಹೊತ್ತು ಬೆಳಕು ಬಿಟ್ಟರೆ ನೀಲಿ ಆಕಾಶ ಸುಟ್ಟುಹೋಗುತ್ತಿತ್ತು. ನೀಲಿಯೂ ಬಿಳಿಮೋಡವೂ ಒಂದಾಗಿ, ಮುದ್ರಿಸಿದಾಗ ಖಾಲಿ ಕಾಗದ ಮಾತ್ರ ಉಳಿಯುತ್ತಿತ್ತು. ಕಲೆಗಳು ಕಾಣದಿರಲೆಂದು ನೆಗೆಟಿವ್‌ನ ಆಕಾಶದ ಭಾಗಕ್ಕೆ ಕಪ್ಪು ಬಣ್ಣ ಬಳಿದು ಅದನ್ನು ಪೂರ್ತಿ ಬಿಳಿಯಾಗಿಸುವ ಪದ್ಧತಿಯೂ ಇತ್ತು. ಹೀಗಾಗಿ ಕ್ಯಾಮೆರಾದ ಬಾಲ್ಯದಲ್ಲಿ 'ಸುಧಾರಿಸದ' ಆಕಾಶವೇ ಸುಳ್ಳಾಗಿತ್ತು. ಕಣ್ಣಿಗೆ ಕಂಡ ಮೋಡ ಚಿತ್ರದಲ್ಲಿ ಇರುತ್ತಿರಲಿಲ್ಲ.

ಸೆತ್ ಬಂದರಿನ ಅಲೆ

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಪ್ರಮುಖನು ಗುಸ್ತಾವ್ ಲ ಗ್ರೇ. 1820ರಲ್ಲಿ ಪ್ಯಾರಿಸ್ ಬಳಿ ಹುಟ್ಟಿದ ಈತ ಮೊದಲು ಚಿತ್ರಕಲೆ ಕಲಿತವನು. 1856ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡ ಈತನ ಹಡಗಿನ ಚಿತ್ರವೊಂದು ಜನರನ್ನು ಬೆರಗುಗೊಳಿಸಿತು. ಅದು ಬೆಳದಿಂಗಳಲ್ಲಿ ತೆಗೆದ ಚಿತ್ರವೆಂದೇ ಹಲವರು ನಂಬಿದರು. ವಾಸ್ತವದಲ್ಲಿ ಅದು ಹಗಲಿನ ಚಿತ್ರವಾಗಿತ್ತು. ಮರುವರ್ಷ ದಕ್ಷಿಣ ಫ್ರಾನ್ಸಿನ ಸೆತ್ ಬಂದರಿನಲ್ಲಿ ತೆಗೆದ 'ಮಹಾ ಅಲೆ' ಇನ್ನೂ ಪ್ರಸಿದ್ಧವಾಯಿತು. ಉಕ್ಕುವ ಅಲೆ, ಅದರ ಮೇಲೆ ದಟ್ಟ ಮೋಡಗಳ ರಾಶಿ.

ಇದರ ಗುಟ್ಟು ಸರಳ. ಕಡಲಿಗೊಂದು, ಆಕಾಶಕ್ಕೊಂದು ಎಂದು ಬೇರೆ ಬೇರೆ ಪ್ರಮಾಣದ ಬೆಳಕು ಕೊಟ್ಟು ಎರಡು ಗಾಜಿನ ನೆಗೆಟಿವ್‌ಗಳನ್ನು ತಯಾರಿಸಿ, ಒಂದು ಭಾಗ ಮುದ್ರಿಸುವಾಗ ಇನ್ನೊಂದನ್ನು ಮರೆಮಾಡಿ, ಎರಡನ್ನೂ ಒಂದೇ ಕಾಗದದ ಮೇಲೆ ದಿಗಂತದ ಗೆರೆಯಲ್ಲಿ ಕೂಡಿಸಲಾಗಿತ್ತು. ಇಂದು ಡಿಜಿಟಲ್ ಕ್ಯಾಮೆರಾದಲ್ಲಿ ಕಡಿಮೆ ಮತ್ತು ಹೆಚ್ಚು ಬೆಳಕಿನ ಚಿತ್ರಗಳನ್ನು ಸಾಲಾಗಿ ತೆಗೆದು ಒಂದುಗೂಡಿಸುವವರು ಮಾಡುವುದೂ ಇದನ್ನೇ. ಆದರೆ ಲ ಗ್ರೇ ಅಲ್ಲಿಗೇ ನಿಲ್ಲಲಿಲ್ಲ. ಚೆನ್ನಾಗಿ ಮೂಡಿದ ಒಂದೇ ಆಕಾಶವನ್ನು ಬೇರೆ ಬೇರೆ ಕಡಲುಗಳ ಮೇಲೂ ಹೊದಿಸಿದ. ಕಣ್ಣು ಕಂಡದ್ದನ್ನು ಮರಳಿ ಕೊಡುವುದಕ್ಕೂ ಕಣ್ಣು ಕಾಣದ್ದನ್ನು ಸೇರಿಸುವುದಕ್ಕೂ ನಡುವಿನ ಗೆರೆಯನ್ನು ಆತ ಅಂದೇ ದಾಟಿದ್ದ.

ಹಳೇಬೀಡು ಕಂಡವನ ಕುಂಚ

ಇದೇ ಕಾಲದಲ್ಲಿ ನಮ್ಮ ನಾಡಿನಲ್ಲೂ ಒಬ್ಬ ಛಾಯಾಗ್ರಾಹಕ ಇದೇ ತೊಡಕನ್ನು ಎದುರಿಸುತ್ತಿದ್ದ. ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಸೇನೆಯ ಅಧಿಕಾರಿ ಲಿನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಚಿತ್ರ ತೆಗೆದ. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವು ಮೆಚ್ಚುಗೆ ಪಡೆದವು. ಆ ವರ್ಷವೇ ಬ್ರಿಟಿಷ್ ನಿಯೋಗದೊಂದಿಗೆ ಬರ್ಮಾಕ್ಕೆ ಹೋದ. ಅಲ್ಲಿನ ಕಾಗದದ ನೆಗೆಟಿವ್‌ಗಳಲ್ಲಿ ಆಕಾಶ ಖಾಲಿ ಬಂದಾಗ ಟ್ರೈಪ್ ಕುಂಚ ಹಿಡಿದು ಅವುಗಳ ಮೇಲೆ ಮೋಡಗಳನ್ನು ಬರೆದ. ನೆಗೆಟಿವ್‌ನಲ್ಲಿ ಹಚ್ಚಿದ ಬಣ್ಣ ಬೆಳಕನ್ನು ತಡೆದು ಮುದ್ರಣದಲ್ಲಿ ಬಿಳಿಮೋಡವಾಗಿ ಕಾಣುತ್ತಿತ್ತು. ಅವು ಸರಕಾರಿ ದಾಖಲೆಗಾಗಿ ತೆಗೆದ ಚಿತ್ರಗಳು! ಪಗೋಡಗಳ ಕಲ್ಲು ನಿಜ, ಮೇಲಿನ ಮೋಡ ಕಲ್ಪನೆ.

ಕೆಂಪು ಗಾಜು, ಕತ್ತಲೆ ಕೋಣೆ

1906ರ ಸುಮಾರಿಗೆ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದವು. ಲೆನ್ಸಿನ ಮುಂದೆ ಹಳದಿ ಅಥವಾ ಕೆಂಪು ಗಾಜು ಇಟ್ಟರೆ ನೀಲಿ ಬೆಳಕು ತಡೆಯಲ್ಪಟ್ಟು ಆಕಾಶ ಕಪ್ಪಾಗಿ, ಮೋಡ ಎದ್ದು ಕಾಣುತ್ತದೆ. 1927ರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್ ಯೊಸೆಮಿಟಿಯ ಬಂಡೆಯೊಂದನ್ನು ಕೆಂಪು ಫಿಲ್ಟರಿನಿಂದ ತೆಗೆದು ಹಗಲಿನ ಆಕಾಶವನ್ನು ಕಾರಿರುಳಾಗಿಸಿದರು. 1941ರಲ್ಲಿ ನ್ಯೂ ಮೆಕ್ಸಿಕೋದ ಹಳ್ಳಿಯೊಂದರ ಮೇಲೆ ಚಂದ್ರೋದಯವಾಗುವ ಚಿತ್ರ ತೆಗೆದರು. ಅದರ ಹಳೆಯ ಮುದ್ರಣಗಳಲ್ಲಿ ಮೇಲ್ಭಾಗದಲ್ಲಿ ತೆಳುಮೋಡಗಳಿವೆ. ಮುಂದಿನ ವರ್ಷಗಳಲ್ಲಿ ಕತ್ತಲೆ ಕೋಣೆಯಲ್ಲಿ ಆಡಮ್ಸ್ ಅವುಗಳನ್ನು ಕ್ರಮೇಣ ಕಪ್ಪಿನಲ್ಲಿ ಮುಳುಗಿಸಿದರು. ಕಲೆಯೆಂದು ತಿಳಿದೇ ನೋಡಿದ ಜನ ಮೋಸ ಹೋಗಲಿಲ್ಲ.

ಯುದ್ಧದ ಚಿತ್ರಕ್ಕೆ ಈ ರಿಯಾಯಿತಿ ಕೊಡಬಹುದೇ? 1917ರಲ್ಲಿ ಆಸ್ಟ್ರೇಲಿಯಾ ಸೇನೆಯ ಅಧಿಕೃತ ಛಾಯಾಗ್ರಾಹಕ ಫ್ರಾಂಕ್ ಹರ್ಲಿ ಹಲವು ನೆಗೆಟಿವ್‌ಗಳನ್ನು ಜೋಡಿಸಿ, ಸೈನಿಕರು, ಸ್ಫೋಟ, ವಿಮಾನ ಮತ್ತು ಮೋಡಗಳಿರುವ ಒಂದೇ ದೃಶ್ಯ ನಿರ್ಮಿಸಿದ. ಯುದ್ಧದ ಭೀಕರತೆ ಒಂದು ಚಿತ್ರದಲ್ಲಿ ಹಿಡಿಸುವುದಿಲ್ಲ ಎಂಬುದು ಹರ್ಲಿಯ ವಾದ. ಯುದ್ಧದ ಇತಿಹಾಸ ಬರೆಯುತ್ತಿದ್ದ ಚಾರ್ಲ್ಸ್ ಬೀನ್ ಇದನ್ನು ಒಪ್ಪಲಿಲ್ಲ. ಮುಂದಿನ ತಲೆಮಾರಿಗೆ ದಾಖಲೆ ಶುದ್ಧವಾಗಿ ತಲುಪಬೇಕೆಂದು ಪಟ್ಟು ಹಿಡಿದರು.

ಬೈರೂತಿನ ಹೊಗೆ

ಈ ಜಗಳ ಎಷ್ಟು ಗಂಭೀರವೆಂದು 2006ರ ಆಗಸ್ಟಿನಲ್ಲಿ ಲೋಕಕ್ಕೆ ತಿಳಿಯಿತು. ಇಸ್ರೇಲ್ ಲೆಬನಾನಿನ ಮೇಲೆ ಬಾಂಬು ಸುರಿಸುತ್ತಿದ್ದ ದಿನಗಳವು. ಲೆಬನಾನಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ರಾಯಿಟರ್ಸ್ ವಿತರಿಸಿದ ಬೈರೂತಿನ ಚಿತ್ರವೊಂದರಲ್ಲಿ ಹೊಗೆಯ ಸುರುಳಿಗಳು ಒಂದೇ ಆಕಾರದಲ್ಲಿ ಮತ್ತೆ ಮತ್ತೆ ಬಂದಿರುವುದನ್ನು ನೋಡುಗರು ಗುರುತಿಸಿದರು. ಹೊಗೆಯನ್ನು ಕಂಪ್ಯೂಟರಿನಲ್ಲಿ ನಕಲು ಮಾಡಿ ದಟ್ಟಗೊಳಿಸಲಾಗಿತ್ತು. ಸಂಸ್ಥೆ ಚಿತ್ರವನ್ನು ಹಿಂದಕ್ಕೆ ಪಡೆಯಿತು, ಆ ಹವ್ಯಾಸಿ ಛಾಯಾಗ್ರಾಹಕನ ಸಂಬಂಧ ಕಡಿದುಕೊಂಡಿತು, ಆತನ 920 ಚಿತ್ರಗಳನ್ನು ಮಾರಾಟದಿಂದ ತೆಗೆದುಹಾಕಿತು. ಧೂಳಿನ ಕಲೆ ಅಳಿಸಲು ಹೋಗಿ ಹೀಗಾಯಿತು ಎಂಬುದು ಆತನ ಸಮಜಾಯಿಷಿ.

ಬಾಂಬು ಬಿದ್ದದ್ದು ನಿಜ, ಮನೆಗಳು ಉರುಳಿದ್ದು ನಿಜ, ಹೊಗೆ ಎದ್ದದ್ದೂ ನಿಜ. ಆದರೆ ಸೇರಿಸಿದ ಒಂದಿಷ್ಟು ಹೊಗೆಯಿಂದ ನಿಜವಾದ ಹೊಗೆಯನ್ನೂ ಅನುಮಾನಿಸುವವರಿಗೆ ಆಯುಧ ಸಿಕ್ಕಿತು. ಸತ್ತವರ ಮಾತು ಬದಿಗೆ ಸರಿದು ಚಿತ್ರದ ಮಾತು ಮುಂದೆ ಬಂತು. ಪೀಡಿತರ ಪರವಾಗಿ ಸುಳ್ಳು ಸಾಕ್ಷಿ ಹೇಳುವವನು ಮೊದಲು ಹಾನಿ ಮಾಡುವುದು ಪೀಡಿತರಿಗೇ. ಸಾಕ್ಷ್ಯವು ನಮಗೇ ಪ್ರತಿಕೂಲವಾದರೂ ನ್ಯಾಯವಾಗಿಯೇ ನುಡಿಯಬೇಕೆಂಬ ಇಸ್ಲಾಮಿನ ಆದೇಶದ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. 2020ರಲ್ಲಿ ಫೋಟೋಶಾಪ್ ಒಂದೇ ಗುಂಡಿ ಒತ್ತಿ ಆಕಾಶ ಬದಲಿಸುವ ಸೌಲಭ್ಯ ಕೊಟ್ಟಿತು. ಮೊಬೈಲಿಗೆ ಬಂದ ಚಿತ್ರವನ್ನು ಪರಿಶೀಲಿಸದೆ ಮುಂದಕ್ಕೆ ಕಳಿಸುವ ನಮಗೆಲ್ಲರಿಗೂ ಈ ಹೊಣೆ ಅನ್ವಯಿಸುತ್ತದೆ.

ಕೈರೋದ ಇಬ್ಬರು

ಲ ಗ್ರೇಯ ಕೊನೆ ಏನಾಯಿತು? ಸಾಲದಲ್ಲಿ ಮುಳುಗಿದ ಆತ 1860ರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು, ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾನೊಂದಿಗೆ ಸಮುದ್ರಯಾನ ಹೊರಟ. ನಡುದಾರಿಯಲ್ಲಿ ಜಗಳವಾಗಿ ಮಾಲ್ಟಾದಲ್ಲಿ ಇಳಿಯಬೇಕಾಯಿತು. ಲೆಬನಾನ್, ಅಲೆಕ್ಸಾಂಡ್ರಿಯ ಸುತ್ತಿ ಕೈರೋದಲ್ಲಿ ನೆಲೆಸಿ, ಚಿತ್ರಕಲೆಯ ಮೇಷ್ಟರಾಗಿ ಬದುಕಿ 1884ರಲ್ಲಿ ಅಲ್ಲಿಯೇ ತೀರಿಕೊಂಡ. 'ಮಹಾ ಅಲೆ'ಯ ಒಂದು ಪ್ರತಿ 1999ರಲ್ಲಿ ಲಂಡನ್ನಿನ ಹರಾಜಿನಲ್ಲಿ 5 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು.

ಅದೇ ಕೈರೋದಲ್ಲಿ ಲ ಗ್ರೇಗಿಂತ ಎಂಟು ಶತಮಾನಗಳ ಮೊದಲು ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ ಬೆಳಕಿನ ಬಗ್ಗೆ 'ಕಿತಾಬುಲ್ ಮನಾಝಿರ್' ಗ್ರಂಥವನ್ನು ಬರೆದಿದ್ದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದಿಲ್ಲ, ವಸ್ತುವಿನ ಬೆಳಕು ಕಣ್ಣಿಗೆ ಬರುತ್ತದೆ ಎಂದು ತೋರಿಸಿದರು. ಕತ್ತಲೆ ಕೋಣೆಯ ಸಣ್ಣ ರಂಧ್ರದಿಂದ ಹಾಯುವ ಬೆಳಕನ್ನು ಪರೀಕ್ಷಿಸಿದರು. ಕ್ಯಾಮೆರಾದ ಮೂಲತತ್ವ ಅದೇ. ಸತ್ಯವನ್ನು ಅರಸುವವನು ಹಿಂದಿನವರ ಮಾತನ್ನು ಮಾತ್ರವಲ್ಲ, ತನ್ನ ತೀರ್ಮಾನವನ್ನೂ ಸಂಶಯದಿಂದ ಪರೀಕ್ಷಿಸಬೇಕೆಂಬುದು ಟಾಲೆಮಿಯನ್ನು ವಿಮರ್ಶಿಸಿದ ಅವರ ಕೃತಿಯ ನಿಲುವು.

ಚೆಲುವಿಗಾಗಿ ಮೋಡ ಜೋಡಿಸುವವರನ್ನು ನಾವು ದೂರಬೇಕಾಗಿಲ್ಲ. ಅದನ್ನು ಕಲೆಯೆಂದು ಹೇಳಿಯೇ ತೋರಿಸಲಿ. ಆದರೆ ಇದು ನಡೆದದ್ದು ಎಂದು ಹೇಳಿ ತೋರಿಸುವ ಚಿತ್ರದಲ್ಲಿ ಆಕಾಶವೂ ಸಾಕ್ಷಿಯೇ. ಅದನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ.