ಪಡಿತರದ ದಿನಗಳು

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಾವು ದೇವಾಲಯದ ಗೋಡೆ ಗೋಪುರಗಳನ್ನು ಮಾತ್ರ ಸ್ಮರಿಸಿದರೆ ಸಾಲದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಹಿರಿಯರು ಮನೆಯ ಒಲೆ ಆರದಂತೆ ನೋಡಿಕೊಂಡ ಬಗೆಯೂ ನಮ್ಮ ಚರಿತ್ರೆಯೇ ಆಗಿದೆ.

1939ರಲ್ಲಿ ಯುದ್ಧವು ಆರಂಭವಾದಾಗ ರಣರಂಗವು ದೂರದಲ್ಲಿತ್ತು. ಆದರೆ 1942ರ ಮಾರ್ಚ್ ತಿಂಗಳಲ್ಲಿ ರಂಗೂನು ಜಪಾನೀಯರ ವಶವಾಯಿತು. ವರ್ಷಕ್ಕೆ 10 ಲಕ್ಷ ಟನ್ನಿಗೂ ಮಿಕ್ಕಿ ಬರುತ್ತಿದ್ದ ಬರ್ಮಾದ ಅಕ್ಕಿಯೂ ಅಲ್ಲಿಯ ಸೀಮೆಎಣ್ಣೆಯೂ ನಿಂತುಹೋದವು. ಇತ್ತ ಸೇನೆಯ ಸಾಮಗ್ರಿಗಾಗಿ ಸರ್ಕಾರವು ನೋಟುಗಳನ್ನು ಅಚ್ಚು ಹಾಕಿಸುತ್ತಲೇ ಹೋಯಿತು. 1945ರ ವೇಳೆಗೆ ಅವು ಯುದ್ಧಪೂರ್ವದ ಆರು ಪಟ್ಟನ್ನು ಮೀರಿದ್ದವು. ಹಣ ಹೆಚ್ಚಿತು, ಸರಕು ಕುಗ್ಗಿತು, ಬೆಲೆ ಏರಿತು. ತಾಮ್ರವನ್ನು ಉಳಿಸಲೆಂದು 1943ರಲ್ಲಿ ನಡುವೆ ತೂತಿದ್ದ ಕಾಸು ಬಳಕೆಗೆ ಬಂದಿತು.

ಅದೇ ವರ್ಷ ಬಂಗಾಳವನ್ನು ಕ್ಷಾಮವು ಆವರಿಸಿತು. ಮಡಿದವರು 15 ಲಕ್ಷವೆಂದು ಸರ್ಕಾರದ ವಿಚಾರಣಾ ಆಯೋಗವು ಅಂದಾಜು ಮಾಡಿತು. ಮುಂದಿನ ವಿದ್ವಾಂಸರು 30 ಲಕ್ಷದವರೆಗೂ ಹೇಳಿದ್ದಾರೆ. ಧಾನ್ಯದ ಅಭಾವಕ್ಕಿಂತಲೂ ಬಡವರಿಗೆ ಅದನ್ನು ಕೊಳ್ಳುವ ಶಕ್ತಿ ಇಲ್ಲದೆ ಹೋದುದೇ ಮುಖ್ಯ ಕಾರಣವೆಂಬುದು ಅಮರ್ತ್ಯ ಸೇನರ ನಿರ್ಣಯ.

ಇದಕ್ಕೆ ಪರಿಹಾರವೇ ಪಡಿತರ. ಲಕ್ಷಕ್ಕೂ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ಅದನ್ನು ಜಾರಿಗೆ ತರಬೇಕೆಂದು 1943ರ ಆಹಾರಧಾನ್ಯ ನೀತಿ ಸಮಿತಿಯು ಶಿಫಾರಸು ಮಾಡಿತು. ವಯಸ್ಕರೊಬ್ಬರಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 454 ಗ್ರಾಂ ಧಾನ್ಯವೆಂಬುದು ಅದರ ಲೆಕ್ಕ. ಯುದ್ಧ ಮುಗಿದರೂ ಅಭಾವ ಮುಗಿಯಲಿಲ್ಲ. 1946ರಲ್ಲಿ ಆ ಪಾಲು 12 ಔನ್ಸಿಗೆ ಇಳಿಯಿತು. ಸಿರಿವಂತನ ಚೀಟಿಗೂ ಬಡವನ ಚೀಟಿಗೂ ಒಂದೇ ಅಳತೆ. ಆ ಸಮಾನತೆಯನ್ನು ಕೆಡಿಸಿದ್ದು ಕಾಳಸಂತೆ. ಬಚ್ಚಿಟ್ಟ ಪ್ರತಿ ಮೂಟೆಯೂ ಮತ್ತೊಬ್ಬರ ತಟ್ಟೆಯಿಂದ ಕಸಿದುದೇ ಆಗಿತ್ತು. ಕದಿಯಬಾರದೆಂಬ ದೇವರ ಕಟ್ಟಳೆಗೆ ಅದು ನೇರ ವಿರುದ್ಧ.

ಪರಮ ಪ್ರಸಾದದ ಮುಂದೆ ಉರಿಯುವ ನಂದಾದೀಪಕ್ಕೆ ಆಲಿವ್ ಎಣ್ಣೆ ಅಥವಾ ಜೇನುಮೇಣ ಬೇಕೆಂದು 1917ರ ಧರ್ಮಸಭೆಯ ಕಾನೂನು ವಿಧಿಸಿತ್ತು. ಆಲಿವ್ ಎಣ್ಣೆ ದೊರೆಯದ ಕಡೆ ಧರ್ಮಾಧ್ಯಕ್ಷರ ವಿವೇಚನೆಯಂತೆ ಬೇರೆ ಎಣ್ಣೆಯನ್ನು ಉಪಯೋಗಿಸಲು ಅದೇ ಕಾನೂನು ಅವಕಾಶವನ್ನಿತ್ತಿತ್ತು. ಎಣ್ಣೆ ಯಾವುದಾದರೇನು, ದೀಪ ಆರಬಾರದೆಂಬುದೇ ಮುಖ್ಯ.

ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಅನುದಿನದ ಆಹಾರವನ್ನು 'ನನಗೆ' ಎಂದು ಬೇಡುವುದಿಲ್ಲ, 'ನಮಗೆ' ಎಂದು ಬೇಡುತ್ತೇವೆ. ಪಡಿತರದ ಸಾಲಿನಲ್ಲಿ ನಿಂತ ಹಿರಿಯರಿಗೆ ಈ ಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಧಾನ್ಯದ ಆ ಕಟ್ಟುನಿಟ್ಟಿನ ನಿಯಂತ್ರಣಗಳು 1954ರಲ್ಲಿ ಕೊನೆಗೊಂಡವು. ಹಂಚಿಕೊಳ್ಳುವ ಕರ್ತವ್ಯಕ್ಕೆ ಮಾತ್ರ ಕೊನೆಯಿಲ್ಲ. ನೆರೆಮನೆಯ ಹಸಿವನ್ನು ಅರಿಯುವ ಹೃದಯವನ್ನು ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ.