ಬಾತುಕೋಳಿಗೆ ಮೂರನೇ ಕೋಟ್ ವಾರ್ನಿಷ್

ಈ ಎಪಿಸೋಡ್ ಅಂಗಡಿ ಇಟ್ಟವರಿಗೆ, ಮನೆಯಲ್ಲೇ ಏನಾದ್ರೂ ಮಾಡಿ ಮಾರೋರಿಗೆ, ಮತ್ತೆ ಅಂಥ ಅಪ್ಪ-ಅಮ್ಮನ ಮಕ್ಕಳಿಗೆ. ವ್ಯಾಪಾರ ಬಿದ್ದಾಗ ಮನೇಲಿ ಒಂಥರಾ ಮೌನ ಇರುತ್ತಲ್ಲ, ಗಲ್ಲಾಪೆಟ್ಟಿಗೆ ಮುಚ್ಚೋ ಸದ್ದೂ ಜೋರಾಗಿ ಕೇಳೋವಂಥ ಮೌನ, ಅದು ಗೊತ್ತಿರೋರಿಗೆ. ‘ಪಾಸಿಟಿವ್ ಆಗಿರಿ’ ಅಂತ ರೀಲ್ಸ್‌ನಲ್ಲಿ ಹೇಳೋರು ಬೇಕಾದಷ್ಟು ಜನ ಇದ್ದಾರೆ. ನನಗೆ ಕುತೂಹಲ ಇರೋದು ಬೇರೆ ವಿಷಯದಲ್ಲಿ. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಒಬ್ಬ ಸಣ್ಣ ಕಸುಬುದಾರ ಬೆಳಗ್ಗೆ ಎದ್ದು ನಿಜಕ್ಕೂ ಏನು ಮಾಡ್ತಿದ್ದ? ಅದನ್ನ ನೋಡೋಕೆ ಇವತ್ತು 1932ರ ಡೆನ್ಮಾರ್ಕ್‌ಗೆ ಹೋಗೋಣ.

ಜುಟ್‌ಲ್ಯಾಂಡ್ ಅನ್ನೋ ಭಾಗದಲ್ಲಿ ಬಿಲ್ಲುಂಡ್ ಅಂತ ಒಂದು ಪುಟ್ಟ ಹಳ್ಳಿ. ಅಲ್ಲೊಬ್ಬ ಬಡಗಿ, ಹೆಸರು ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್. 1916ರಲ್ಲಿ ಊರಿನ ಮರಗೆಲಸದ ಶೆಡ್ ಕೊಂಡು ಬಾಗಿಲು, ಕಿಟಕಿ, ರೈತರ ಮನೆ, ಕೊಟ್ಟಿಗೆ ಕೆಲಸ ಮಾಡ್ಕೊಂಡಿದ್ದ. 1924ರಲ್ಲಿ ಅವನ ಇಬ್ಬರು ಚಿಕ್ಕ ಮಕ್ಕಳು ಆಟ ಆಡ್ತಾ ಮರದ ಹೊಟ್ಟಿಗೆ ಬೆಂಕಿ ತಗುಲಿಸಿ, ಶೆಡ್ಡೂ ಮನೆಯೂ ಎರಡೂ ಸುಟ್ಟುಹೋದವು. ಈ ಮನುಷ್ಯ ಏನು ಮಾಡಿದ ಗೊತ್ತಾ? ಮೊದಲಿಗಿಂತ ದೊಡ್ಡ ಮನೆ ಕಟ್ಟಿಸಿದ, ಬಾಗಿಲ ಎರಡೂ ಕಡೆ ಸಿಂಹದ ಮೂರ್ತಿ ಬೇರೆ. ಹಳ್ಳಿಯ ಬಡಗಿಗೆ ಸಿಂಹ ಯಾಕೆ ಅಂತ ಊರವರು ಆಡಿಕೊಂಡಿರಬೇಕು. ನನಗೂ ಹಾಗೇ ಅನ್ನಿಸುತ್ತೆ.

ಆಮೇಲೆ 1929 ಬಂತು. ನ್ಯೂಯಾರ್ಕ್‌ನ ಷೇರುಪೇಟೆ ಬಿದ್ದರೆ ಡೆನ್ಮಾರ್ಕಿನ ಹಳ್ಳಿ ಬಡಗಿಗೇನು ಅಂತ ಕೇಳಬಹುದು. ಡೆನ್ಮಾರ್ಕ್ ಬದುಕ್ತಿದ್ದದ್ದು ಬೆಣ್ಣೆ, ಹಂದಿಮಾಂಸ, ಮೊಟ್ಟೆ ಹೊರದೇಶಕ್ಕೆ ಮಾರಿ. ಅದರಲ್ಲೂ ದೊಡ್ಡ ಗಿರಾಕಿ ಬ್ರಿಟನ್. ಬೆಲೆಗಳು ಕುಸಿದವು. ಮೇಲಿಂದ 1932ರಲ್ಲಿ ಬ್ರಿಟನ್ ತನ್ನ ಸಾಮ್ರಾಜ್ಯದ ದೇಶಗಳ ಮಾಲಿಗೇ ಮೊದಲ ಮಣೆ ಅಂತ ಒಪ್ಪಂದ ಮಾಡಿಕೊಳ್ತು. ರೈತನ ಕೈ ಬರಿದಾಯ್ತು. ಕೈ ಬರಿದಾದ ರೈತ ಊಟ ಬಿಡಲ್ಲ, ಆದರೆ ಹೊಸ ಕಿಟಕಿಯನ್ನ ಮುಂದಿನ ವರ್ಷಕ್ಕೆ ತಳ್ಳುತ್ತಾನೆ. ಮುಂದಿನ ವರ್ಷ ಮತ್ತೆ ಮುಂದಿನ ವರ್ಷಕ್ಕೆ. ಬಡಗಿ ಮುಳುಗೋದು ಹೀಗೆ.

ಓಲೆ ಕಿರ್ಕ್ ಕೆಲಸದವರನ್ನ ಬಿಡಿಸಬೇಕಾಯ್ತು. ಅದೇ 1932ರಲ್ಲಿ ಹೆಂಡತಿ ಕ್ರಿಸ್ಟೀನ್ ತೀರಿಕೊಂಡಳು. ವಯಸ್ಸು 41, ನಾಲ್ಕು ಗಂಡುಮಕ್ಕಳು, ಮೈಮೇಲೆ ಸಾಲ. ದೈವಭಕ್ತ, ಪ್ರಾರ್ಥನೆ ಬಿಡದ ಮನುಷ್ಯ. ಅವನ ಧೈರ್ಯದ ಒಂದು ಪಾಲು ಅಲ್ಲಿಂದಲೇ ಬಂದಿರಬೇಕು.

ಈಗ ಕಸುಬಿನ ಕಡೆ ನೋಡಿ. ಮನೆ ಕಟ್ಟಿಸೋರು ಇಲ್ಲ, ಆದರೆ ಮರ ಇದೆ, ಯಂತ್ರ ಇದೆ, ಕೈ ಇದೆ. ಹಾಗಾಗಿ ಸಣ್ಣ ದುಡ್ಡಿಗೆ ಕೊಳ್ಳೋವಂಥ ವಸ್ತು ಮಾಡೋಕೆ ಶುರು ಮಾಡಿದ. ಮಡಚೋ ಏಣಿ, ಸ್ಟೂಲ್, ಇಸ್ತ್ರಿ ಹಲಗೆ. ಜೊತೆಗೆ ಉಳಿದ ತುಂಡುಗಳಲ್ಲಿ ಆಟಿಕೆ ಕಾರು, ಚಕ್ರದ ಮೇಲೆ ಓಡೋ ಪ್ರಾಣಿಗಳು. ಆಟಿಕೆ ಅವನಿಗೆ ಹಿಡಿಸ್ತು. ಹನ್ನೆರಡು ವರ್ಷದ ಮಗ ಗಾಟ್‌ಫ್ರೆಡ್ ಶಾಲೆ ಮುಗಿಸಿ ಬಂದು ಅಪ್ಪನ ಜೊತೆ ಕೆಲಸಕ್ಕೆ ನಿಲ್ತಿದ್ದ. ಆಟಿಕೆಗೆ ನಗದು ಕೊಡೋಕಾಗದ ಗಿರಾಕಿಗಳು ಕೆಲವೊಮ್ಮೆ ತಿನ್ನೋ ಪದಾರ್ಥ ಕೊಡ್ತಿದ್ದರು. ಮನೇಲಿ ನಾಲ್ಕು ಗಂಡುಹುಡುಗರು, ಬೇಡ ಅನ್ನೋಕಾಗುತ್ತಾ?

ದಿವಾಳಿಯ ಅಂಚಿಗೆ ಬಂದಾಗ ಒಡಹುಟ್ಟಿದವರ ಹತ್ತಿರ ಕೈ ಚಾಚಿದ. ಅವರು ನೆರವಾದರು. ಆದರೆ ಆಟಿಕೆ ಬಿಟ್ಟು ಏನಾದ್ರೂ ಉಪಯೋಗಕ್ಕೆ ಬರೋ ಕೆಲಸ ಮಾಡಬಾರದಾ ಅಂತಲೂ ಕೇಳಿದರು. ಈ ಕತೆ ಹೇಳುವಾಗ ಎಲ್ಲರೂ ಆ ಅಣ್ಣತಮ್ಮಂದಿರು, ಅಕ್ಕತಂಗಿಯರನ್ನ ಸ್ವಲ್ಪ ಪೆದ್ದರ ಥರ ತೋರಿಸ್ತಾರೆ. ನಾನು ಒಪ್ಪಲ್ಲ. ದೇಶದಲ್ಲಿ ಜನಕ್ಕೆ ಕೆಲಸ ಇಲ್ಲದಿರುವಾಗ ಮರದ ಕಾರು ಮಾಡ್ತೀನಿ ಅಂತ ನಿಮ್ಮ ಅಣ್ಣ ಬಂದ್ರೆ ನೀವೇನು ಹೇಳ್ತೀರಿ? ಅವನ ಆಶಾವಾದದ ಖರ್ಚಿನಲ್ಲಿ ಒಂದು ಭಾಗವನ್ನ ಬೇರೆಯವರು ಹೊತ್ತುಕೊಂಡರು, ಇದನ್ನ ಮರೀಬಾರದು. ಅಷ್ಟೇ ಅಲ್ಲ, ಲೆಕ್ಕಪತ್ರದಲ್ಲಿ ಓಲೆ ಕಿರ್ಕ್ ಅಂಥಾ ಬುದ್ಧಿವಂತನೇನೂ ಆಗಿರಲಿಲ್ಲ.

ಅದೇ ಹೊತ್ತಿಗೆ ಯೋ-ಯೋ ಹುಚ್ಚು ಎಲ್ಲ ಕಡೆ ಹಬ್ಬಿತ್ತು. ಇವನೂ ರಾಶಿ ರಾಶಿ ಯೋ-ಯೋ ಮಾಡಿದ. ಹುಚ್ಚು ಬಂದ ಹಾಗೇ ಇಳಿದೂ ಹೋಯ್ತು. ಮಾಲು ಗೋದಾಮಲ್ಲಿ ಬಿತ್ತು. ಟ್ರೆಂಡ್ ನೋಡಿ ಸ್ಟಾಕ್ ತುಂಬಿಸಿ ಕೈ ಸುಟ್ಟುಕೊಂಡವರು ನಮ್ಮ ಕೇಳುಗರಲ್ಲೂ ಇದ್ದೀರಿ ಅಂತ ಗೊತ್ತು! ಇವನು ಒಂದೊಂದು ಯೋ-ಯೋನ ಎರಡು ಹೋಳು ಮಾಡಿದ. ಎರಡು ದುಂಡನೆ ಬಿಲ್ಲೆ ಸಿಕ್ಕವು. ಅವೇ ಆಟಿಕೆ ಲಾರಿಗೆ ಚಕ್ರ ಆದವು.

1934ರ ಹೊತ್ತಿಗೆ ಮತ್ತೆ ಆರೇಳು ಜನ ಕೆಲಸಕ್ಕಿದ್ದರು. ಕಂಪನಿಗೆ ಒಂದು ಹೆಸರು ಬೇಕಿತ್ತು. ಆ ಕೆಲಸದವರಿಗೇ ಸ್ಪರ್ಧೆ ಇಟ್ಟ: ಒಳ್ಳೆ ಹೆಸರು ಸೂಚಿಸಿದವರಿಗೆ ಬಹುಮಾನ, ಮನೇಲಿ ಮಾಡಿದ ವೈನ್ ಒಂದು ಬಾಟಲಿ. ಕೊನೆಗೆ ಗೆದ್ದಿದ್ದು ಯಾರು? ಮಾಲೀಕನೇ. ತಾನೇ ಯೋಚಿಸಿದ ಹೆಸರನ್ನ ಆರಿಸಿಕೊಂಡ. ಡ್ಯಾನಿಶ್‌ನಲ್ಲಿ ‘ಚೆನ್ನಾಗಿ ಆಡು’ ಅನ್ನೋಕೆ ಎರಡು ಪದ. ಎರಡರ ಮೊದಲ ತುಣುಕು ಸೇರಿಸಿದ್ರೆ ‘ಲೆಗೊ’. ಹೌದು, ಅದೇ ಲೆಗೊ. ಸ್ಪರ್ಧೆ ಸ್ವಲ್ಪ ಮೋಸವೇ ಅನ್ನಿ. ಆದರೂ ಆ ಶೆಡ್ಡಿನಲ್ಲಿ ಕೆಲವು ದಿನ ಮಾತೆಲ್ಲ ಸಾಲದ ಬದಲು ಹೆಸರಿನ ಸುತ್ತ ನಡೆದಿರುತ್ತೆ ಅಂತ ಊಹಿಸಿಕೊಂಡ್ರೆ ನನಗೆ ಖುಷಿಯಾಗುತ್ತೆ.

ಇನ್ನು ಬಾತುಕೋಳಿ ಕತೆ. ಹಗ್ಗ ಹಿಡಿದು ಎಳೆದ್ರೆ ಕೊಕ್ಕು ತೆರೆದು ಮುಚ್ಚೋ ಮರದ ಬಾತುಕೋಳಿ ಅವರು ಮಾಡ್ತಿದ್ದ ಆಟಿಕೆಗಳಲ್ಲಿ ಒಂದು. ಒಂದು ಸಂಜೆ ಗಾಟ್‌ಫ್ರೆಡ್ ಬೀಗುತ್ತಾ ಬಂದು, ಇವತ್ತು ಕಂಪನಿಗೆ ದುಡ್ಡು ಉಳಿಸಿದೆ ಅಂದ. ಹೇಗೆ? ಸಾಮಾನ್ಯವಾಗಿ ಮೂರು ಕೋಟ್ ವಾರ್ನಿಷ್ ಹಾಕ್ತಾರೆ. ಇವನು ಎರಡೇ ಹಾಕಿ, ಪ್ಯಾಕ್ ಮಾಡಿ, ರೈಲ್ವೆ ಸ್ಟೇಷನ್‌ಗೆ ಮುಟ್ಟಿಸಿ ಬಂದಿದ್ದ. ಯಾರಿಗೂ ಗೊತ್ತಾಗಲ್ಲ. ಸತ್ಯ ಹೇಳ್ತೀನಿ, ನಾನಾಗಿದ್ರೂ ಅದೇ ಮಾಡ್ತಿದ್ದೆ. ಸಾಲದಲ್ಲಿರೋ ಮನೆಯ ಹುಡುಗ ಇನ್ನೇನು ಯೋಚಿಸ್ತಾನೆ? ಅಪ್ಪ ಹೇಳಿದ್ದಿಷ್ಟು: ಸ್ಟೇಷನ್‌ಗೆ ಹೋಗು, ಪೆಟ್ಟಿಗೆಗಳನ್ನ ವಾಪಸ್ ತಗೊಂಡು ಬಾ, ಬಿಚ್ಚು, ಮೂರನೇ ಕೋಟ್ ಹಾಕು, ಮತ್ತೆ ಪ್ಯಾಕ್ ಮಾಡಿ ಮುಟ್ಟಿಸು. ರಾತ್ರಿಯೆಲ್ಲ ಹಿಡಿದ್ರೂ ಸರಿ, ಒಬ್ಬನೇ ಮಾಡು.

ಈ ಕತೆಯನ್ನ ಕಂಪನಿಯೇ ಹೇಳಿಕೊಂಡು ಬಂದಿದೆ, ಹಾಗಾಗಿ ಕತೆಗೂ ಮೂರು ಕೋಟ್ ಬಿದ್ದಿರಬಹುದು. ಆದರೆ ಮುಂದೆ ಇದೇ ಗಾಟ್‌ಫ್ರೆಡ್, ‘ಅತ್ಯುತ್ತಮವಾದದ್ದೂ ಅತಿಯಾಗಲ್ಲ’ ಅನ್ನೋ ಅರ್ಥದ ಅಪ್ಪನ ಮಾತನ್ನ ಮರದ ಹಲಗೆಯಲ್ಲಿ ಕೆತ್ತಿ ಕಾರ್ಖಾನೆ ಗೋಡೆಗೆ ನೇತುಹಾಕಿದ. ಕೈಕೆಳಗಿನವರ ಉತ್ಸಾಹ ಇಳೀಬಾರದು ಅಂತ ಓಲೆ ಕಿರ್ಕ್ ಭಾಷಣ ಕೊಟ್ಟ ಸುದ್ದಿ ನಾನೆಲ್ಲೂ ಓದಿಲ್ಲ. ಬಡಪಾಯಿ ಗಿರಾಕಿಗೆ ಹೋಗೋ ಮಾಲೂ ಚೆನ್ನಾಗಿರಬೇಕು ಅಂತ ಮಾಲೀಕ ರಾತ್ರಿ ಮಗನನ್ನೇ ಸ್ಟೇಷನ್‌ಗೆ ಓಡಿಸಿದ್ರೆ, ಈ ಕೆಲಸಕ್ಕೆ ನಾಳೆ ಇದೆ ಅಂತ ಕೆಲಸದವರಿಗೆ ತಾನಾಗೇ ಅನ್ನಿಸಿರಬೇಕು.

ಮುಂದಿನದು ಚುಟುಕಾಗಿ. 1942ರಲ್ಲಿ, ದೇಶ ಜರ್ಮನ್ ಸೇನೆಯ ಕೈಯಲ್ಲಿದ್ದಾಗ, ಕಾರ್ಖಾನೆ ಮತ್ತೆ ಸುಟ್ಟುಹೋಯ್ತು. ನಕ್ಷೆ, ಮಾದರಿ ಎಲ್ಲ ಬೂದಿ. ಮತ್ತೆ ಕಟ್ಟಿದ, ಮರುವರ್ಷದ ಹೊತ್ತಿಗೆ ಸುಮಾರು 40 ಜನ ಕೆಲಸಕ್ಕಿದ್ದರು. ಯುದ್ಧ ಮುಗಿದ ಮೇಲೆ ದುಬಾರಿ ಪ್ಲಾಸ್ಟಿಕ್ ಅಚ್ಚಿನ ಯಂತ್ರ ಕೊಂಡ. 1949ರಲ್ಲಿ ಬಂದ ಮೊದಲ ಇಟ್ಟಿಗೆಗಳು ಬ್ರಿಟನ್ನಿನ ಹಿಲರಿ ಪೇಜ್ ಮಾಡಿದ್ದ ಕಿಡಿಕ್ರಾಫ್ಟ್ ಇಟ್ಟಿಗೆಗಳನ್ನ ನೋಡಿ ಮಾಡಿದವು. ಲೆಗೊ ಅಭಿಮಾನಿಗಳು ಬೇಜಾರು ಮಾಡ್ಕೋಬೇಡಿ. ಒಂದಕ್ಕೊಂದು ಗಟ್ಟಿಯಾಗಿ ಕಚ್ಚಿ ಹಿಡಿಯೋ ಈಗಿನ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ಹೊತ್ತಿಗೆ ಕೆಲಸ ನೋಡ್ತಿದ್ದವನು ಗಾಟ್‌ಫ್ರೆಡ್.

ಓಲೆ ಕಿರ್ಕ್ ಅದೇ ವರ್ಷ ಮಾರ್ಚ್‌ನಲ್ಲಿ ತೀರಿಕೊಂಡ. ಆ ಇಟ್ಟಿಗೆ ಮುಂದೆ ಎಲ್ಲಿಗೆ ಹೋಯ್ತು ಅನ್ನೋದನ್ನ ಅವನು ನೋಡಲಿಲ್ಲ. 1960ರಲ್ಲಿ ಮತ್ತೊಂದು ಬೆಂಕಿ ಮರದ ಆಟಿಕೆ ವಿಭಾಗವನ್ನ ಸುಟ್ಟಿತು, ಮರದ ಆಟಿಕೆಯನ್ನ ಕಂಪನಿ ಅಲ್ಲಿಗೇ ನಿಲ್ಲಿಸ್ತು. ಅಂದಿನ ಮರದ ಬಾತುಕೋಳಿಗಳು ಈಗ ಸಂಗ್ರಹಕಾರರ ಕಪಾಟಿನಲ್ಲಿವೆ. ಎಲ್ಲಾದ್ರೂ ಒಂದು ಕಣ್ಣಿಗೆ ಬಿದ್ರೆ, ವಾರ್ನಿಷ್ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ.