ಉಳಿದ ಅಕ್ಷರಗಳಿಂದ ಪದಶೋಧ: ತಾಳಗುಂದ ಪರಿಸರದ ಶಾಸನಗಳನ್ನು ಆಧರಿಸಿದ ವಿವೇಚನೆ

ಗೊತ್ತಿರುವ ಕೆಲವು ಅಕ್ಷರಗಳನ್ನು ಇಟ್ಟುಕೊಂಡು ಅವು ಸೇರಿರುವ ಪದಗಳನ್ನು ಹುಡುಕುವುದು ಇಂಗ್ಲಿಷಿನಲ್ಲಿ ಇಂದು ಸುಲಭದ ಕೆಲಸ. ಪದಬಂಧ ಬಿಡಿಸುವವರಿಗೂ ಅದಕ್ಕೆ ಕಂಪ್ಯೂಟರ್ ಸಾಧನಗಳಿವೆ. ಕನ್ನಡದಲ್ಲಿ ಇದೇ ಕೆಲಸವನ್ನು ನೂರು ವರ್ಷಗಳಿಗೂ ಮಿಕ್ಕಿ ಶಾಸನತಜ್ಞರು ಮಾಡುತ್ತ ಬಂದಿದ್ದಾರೆ. ಸವೆದ ಕಲ್ಲಿನ ಮೇಲೆ ಉಳಿದ ಅಕ್ಷರಗಳಿಂದ ಅಳಿದ ಪದವನ್ನು ಊಹಿಸುವುದು ಅವರ ನಿತ್ಯದ ಕಾಯಕ. ಈ ಊಹೆಗೆ ಆಧಾರವಾಗುವ ನಿಯಮಗಳೇನು, ಅವನ್ನು ಕಂಪ್ಯೂಟರಿಗೆ ಒಪ್ಪಿಸುವುದು ಹೇಗೆ ಎಂಬುದನ್ನು ತಾಳಗುಂದ ಮತ್ತು ಅದರ ಸುತ್ತಲಿನ ಶಾಸನಗಳ ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಆಕರಗಳು

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬರ ಸ್ತಂಭಶಾಸನವಿದೆ. ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಈ ಸಂಸ್ಕೃತ ಕಾವ್ಯವು ಮಯೂರಶರ್ಮನಿಂದ ಕಾಕುಸ್ಥವರ್ಮನವರೆಗಿನ ವಂಶಕಥೆಯನ್ನು ಹೇಳುತ್ತದೆ. ಬಿ.ಎಲ್. ರೈಸ್ ಅವರು ಇದನ್ನು 1902ರಲ್ಲಿ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅನಂತರ ಕೀಲ್‌ಹಾರ್ನ್ ಅವರು ಎಪಿಗ್ರಾಫಿಯಾ ಇಂಡಿಕದ 8ನೆಯ ಸಂಪುಟದಲ್ಲಿ ಮರುಸಂಪಾದಿಸಿದರು.

ಇದೇ ದೇವಾಲಯದ ಆವರಣದಲ್ಲಿ 2013ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ ಶಾಸನ ದೊರೆಯಿತು. ಅದರ ಕಾಲ ಸುಮಾರು ಕ್ರಿ.ಶ. 370 ಎಂದು ಇಲಾಖೆ ಸೂಚಿಸಿದೆ. ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳುವುದರಿಂದ, ಈ ಕಿರುಶಾಸನದಲ್ಲಿ ಓದುವ ಒಂದೊಂದು ಕನ್ನಡ ಪದಕ್ಕೂ ಭಾಷಾಚರಿತ್ರೆಯಲ್ಲಿ ಭಾರೀ ತೂಕ ಬರುತ್ತದೆ. ನಾಲ್ಕಾರು ಅಕ್ಷರಗಳ ಮೇಲೆ ಇಷ್ಟು ದೊಡ್ಡ ತೀರ್ಮಾನ ನಿಲ್ಲುವಾಗ ಓದಿನ ವಿಧಾನ ಬಿಗಿಯಾಗಿರಲೇಬೇಕು.

2. ಮಾತ್ರೆಯ ಕಟ್ಟು

ಸ್ತಂಭಶಾಸನದ ಮೊದಲ 24 ಪದ್ಯಗಳು ಅಪರೂಪದ ಮಾತ್ರಾಛಂದಸ್ಸಿನಲ್ಲಿವೆ. ಇಂಥ ಪದ್ಯದಲ್ಲಿ ಒಂದೆಡೆ ಮೂರು ಮಾತ್ರೆಯಷ್ಟು ಭಾಗ ಅಳಿದಿದೆಯೆಂದು ಭಾವಿಸೋಣ. ಅಲ್ಲಿ ಇದ್ದುದು ಲಘು-ಗುರು, ಗುರು-ಲಘು ಅಥವಾ ಮೂರು ಲಘುಗಳು. ಈ ಮೂರನ್ನು ಬಿಟ್ಟರೆ ಬೇರೆ ಸಾಧ್ಯತೆ ಇಲ್ಲ. ಪಡಿಯಚ್ಚಿನಲ್ಲಿ ಅಳೆದಾಗ ತೆರವು ಎರಡೇ ಅಕ್ಷರಕ್ಕೆ ಸಾಲುವಂತಿದ್ದರೆ ಮೂರನೆಯದು ಬಿದ್ದುಹೋಗುತ್ತದೆ. ತೆರವಿನ ಬೆನ್ನಿಗೆ ಉಳಿದಿರುವ ಅಕ್ಷರ ಒತ್ತಕ್ಷರವಾಗಿದ್ದರೆ ಅದರ ಹಿಂದಿನದು ಸಾಮಾನ್ಯವಾಗಿ ಗುರುವಾಗುವುದರಿಂದ ಲಘು-ಗುರು ಮಾತ್ರ ಉಳಿಯುತ್ತದೆ. ನಿಘಂಟನ್ನು ತೆರೆಯುವ ಮೊದಲೇ ಹುಡುಕಾಟ ಇಷ್ಟು ಕಿರಿದಾಗಿರುತ್ತದೆ.

ಅರೆಯಾಗಿ ಉಳಿದ ಅಕ್ಷರದ್ದು ಬೇರೆ ಸಮಸ್ಯೆ. ಆ ಕಾಲದ ದಕ್ಷಿಣದ ಲಿಪಿಗಳಲ್ಲಿ ತಕಾರ-ನಕಾರಗಳು ಒಂದನ್ನೊಂದು ಹೋಲುತ್ತವೆ. ಹಾಗಾಗಿ ಸಂದೇಹವಿರುವ ಸ್ಥಾನದಲ್ಲಿ ಒಂದೇ ಅಕ್ಷರವನ್ನು ನಿಗದಿಮಾಡದೆ ಎರಡನ್ನೂ ಇಟ್ಟು ಹುಡುಕಬೇಕು.

3. ಪ್ರಾಸದ ನೆರವು

ತಾಳಗುಂದಕ್ಕೆ ಹತ್ತಿರದ ಬಳ್ಳಿಗಾವೆಯ ಚಾಲುಕ್ಯಕಾಲದ ಕನ್ನಡ ಶಾಸನಗಳಲ್ಲಿ ಕಂದ, ವೃತ್ತಗಳು ಧಾರಾಳವಾಗಿವೆ. ಅಲ್ಲಿ ಮಾತ್ರೆಯ ಜೊತೆಗೆ ದ್ವಿತೀಯಾಕ್ಷರ ಪ್ರಾಸವೂ ನೆರವಿಗೆ ಬರುತ್ತದೆ. ಒಂದು ಕಲ್ಪಿತ ಉದಾಹರಣೆ ನೋಡಬಹುದು. ಕಂದದ ಮೊದಲ ಸಾಲು ‘ಕದಂಬ’ ಎಂದು ಆರಂಭವಾಗಿ, ಮುಂದಿನ ಸಾಲಿನ ಮೊದಲು ಅಳಿದಿದೆ. ಅಳಿದ ಪದದ ಎರಡನೆಯ ಅಕ್ಷರ ದಕಾರ, ಮೊದಲನೆಯದು ಲಘು; ಅಂದರೆ ಸಿಂಹಪ್ರಾಸ. ‘ವದನ’, ‘ಸದನ’, ‘ಹೃದಯ’, ‘ಹದುಳ’ ಇಲ್ಲಿ ಸಲ್ಲುತ್ತವೆ. ‘ವೇದ’ ಗಜಪ್ರಾಸದ್ದು, ‘ಇಂದು’ ವೃಷಭದ್ದು, ‘ವಿದ್ಯೆ’ ಶರಭದ್ದು, ‘ಮುದ್ದು’ ಹಯದ್ದು, ನಾಲ್ಕೂ ಸಲ್ಲವು.

ನಮ್ಮ ನಿಘಂಟುಗಳ ಮಿತಿ ಕಾಣುವುದು ಇಲ್ಲಿಯೇ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಅಕಾರಾದಿಯಲ್ಲಿದೆ. ಮೊದಲ ಅಕ್ಷರ ತಿಳಿದಿದ್ದರೆ ಪದ ಬೇಗ ಸಿಗುತ್ತದೆ. ಪ್ರಾಸದಿಂದ ನಮಗೆ ತಿಳಿಯುವುದಾದರೋ ಎರಡನೆಯ ಅಕ್ಷರ. ಅದರಿಂದ ಹೊರಟವನು ಎಲ್ಲ ಪುಟಗಳನ್ನೂ ಜಾಲಾಡಬೇಕಾಗುತ್ತದೆ.

4. ಕಂಪ್ಯೂಟರ್ ಹುಡುಕಾಟದ ತೊಡಕು

ಇಂಗ್ಲಿಷಿಗೆಂದು ರೂಪಿಸಿದ ಸಾಧನವನ್ನು ಹಾಗೆಯೇ ಕನ್ನಡಕ್ಕೆ ತಂದರೆ ಸಾಗದು. ಯುನಿಕೋಡಿನಲ್ಲಿ ‘ದಿ’ ಎಂಬುದು ದಕಾರ ಮತ್ತು ಗುಡಿಸು ಎಂಬ ಎರಡು ಸಂಕೇತಗಳು. ‘ದ್ಯೆ’ ಎಂಬುದು ದಕಾರ, ವಿರಾಮ, ಯಕಾರ, ಎತ್ವ ಎಂಬ ನಾಲ್ಕು. ದಕಾರದ ಸಂಕೇತವನ್ನಷ್ಟೇ ಹುಡುಕಿದರೆ ‘ಹದುಳ’ದ ಜೊತೆ ‘ವಿದ್ಯೆ’ಯೂ ಬರುತ್ತದೆ. ಸಂಕೇತಗಳನ್ನು ಎಣಿಸಿ ‘ಎರಡನೆಯ ಸ್ಥಾನ’ವನ್ನು ಗುರುತಿಸುವುದೂ ತಪ್ಪಾಗುತ್ತದೆ: ‘ಹೃದಯ’ದಲ್ಲಿ ದಕಾರ ಎರಡನೆಯ ಅಕ್ಷರ, ಆದರೆ ಮೂರನೆಯ ಸಂಕೇತ. ಆದ್ದರಿಂದ ಪದವನ್ನು ಮೊದಲು ಅಕ್ಷರಗಳಾಗಿ ಬಿಡಿಸಿ, ಪ್ರತಿ ಅಕ್ಷರಕ್ಕೂ ವ್ಯಂಜನ, ಸ್ವರ, ಗುರು-ಲಘುಗಳನ್ನು ಬೇರೆಬೇರೆಯಾಗಿ ನಮೂದಿಸಬೇಕು.

ಇಂಥ ಸಾಧನವನ್ನು ಪರೀಕ್ಷಿಸಲು ತಾಳಗುಂದದ ಸ್ತಂಭಶಾಸನವೇ ತಕ್ಕ ಆಕರ. ಸಂಸ್ಕೃತ ಪದಕೋಶವನ್ನು ಜೋಡಿಸಿ, ಸ್ಪಷ್ಟವಾಗಿ ಓದಿಬರುವ ಪದ್ಯದ ಕೆಲವು ಅಕ್ಷರಗಳನ್ನು ಮರೆಮಾಡಿ ಹುಡುಕಿಸಬೇಕು. ಕುಬ್ಜನ ಪದ ಪಟ್ಟಿಯಲ್ಲಿ ಬಂದಿತೇ, ಅದರೊಂದಿಗೆ ಇನ್ನೆಷ್ಟು ಪದಗಳು ಬಂದವು ಎಂಬುದರಿಂದ ಸಾಧನದ ಬೆಲೆ ತಿಳಿಯುತ್ತದೆ.

5. ತೀರ್ಮಾನ

ಪಟ್ಟಿಯಲ್ಲಿ ಒಂದೇ ಪದ ಉಳಿದರೂ ಅದು ಶಾಸನದ ಪಾಠವಾಗದು, ಸಂಪಾದಕನ ಪೂರಣವಷ್ಟೇ. ಅದನ್ನು ಕಂಸದಲ್ಲಿಟ್ಟು, ಸಲ್ಲುವ ಇತರ ಪದಗಳಿದ್ದರೆ ಅಡಿಯಲ್ಲಿ ಕೊಡುವುದು ಸಂಪಾದಕನ ಧರ್ಮ. ಸಿಂಹಕಟಾಂಜನ ಶಾಸನದಂಥ ಗದ್ಯದ ತುಣುಕುಗಳಲ್ಲಿ ಛಂದಸ್ಸಿನ ಬೆಂಬಲ ಇಲ್ಲದಿರುವುದರಿಂದ ಅಲ್ಲಿ ಈ ಸಂಯಮ ಇನ್ನೂ ಹೆಚ್ಚು ಬೇಕು. ಊಹಿಸಿ ತುಂಬಿದ ಪದವನ್ನು ಕನ್ನಡದ ಪ್ರಾಚೀನತೆಗೆ ಸಾಕ್ಷಿಯಾಗಿ ತರಬಾರದು. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಿಂದ ಪದಗಳನ್ನು ಆಯ್ದು, ದ್ವಿತೀಯಾಕ್ಷರ ಮತ್ತು ಗುರು-ಲಘು ವಿನ್ಯಾಸದ ಪ್ರಕಾರ ಜೋಡಿಸಿದ ಒಂದು ಶಾಸನ ಪದಸೂಚಿ ಸಿದ್ಧವಾಗಬೇಕು. ವಿಶ್ವವಿದ್ಯಾಲಯಗಳ ಶಾಸನಶಾಸ್ತ್ರ ವಿಭಾಗಗಳೂ ಕನ್ನಡ ತಂತ್ರಾಂಶ ರೂಪಿಸುವವರೂ ಕೂಡಿ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.